1 ಜಿಬಿ ರ‍್ಯಾಮ್ ಇರುವ ಹಳೇ ಡೆಸ್ಕ್‌ಟಾಪ್‌ಗೆ ಯಾವ ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕಲಿ?

ಗೂಡಿನಮನೆ_ಶಿಡ್ಲಘಟ್ಟ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನಮ್ಮದು ಶಿಡ್ಲಘಟ್ಟ. ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಘಟಕ ಇದೆ, ಆರು ಬೇಸಿನ್‌ನದು (ಬಿಸಿನೀರಿನಲ್ಲಿ ಗೂಡು ಹಾಕಿ ನೂಲು ಎಳೆಯುವ ತೊಟ್ಟಿ). ಅಪ್ಪ ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ ಲಾಟು ಹಿಡಿದು ಬರುತ್ತಾರೆ. ಸಂಜೆ ನಾನು ಲೆಕ್ಕ ಬರೆಯುತ್ತೇನೆ. ಯಾವ ಲಾಟು, ಎಷ್ಟು ಕೆಜಿ, ಏನು ರೇಟು, ಎಷ್ಟು ನೂಲು ಬಂತು, ರೆಂಡಿಟ್ಟಾ ಎಷ್ಟು. ರೀಲಿಂಗ್ ಗೊತ್ತಿಲ್ಲದವರಿಗೆ ಹೇಳಬೇಕಂದ್ರೆ, ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕಾಯಿತು ಅನ್ನುವುದೇ ರೆಂಡಿಟ್ಟಾ. ಅದು ಏಳರ ಹತ್ತಿರ ನಿಂತರೆ ಅವತ್ತು ಮನೆಯಲ್ಲಿ ಊಟ ರುಚಿಯಾಗಿರುತ್ತದೆ. ಎಂಟು ದಾಟಿದರೆ ಅಪ್ಪ ಮಾತಾಡುವುದಿಲ್ಲ.

ಈ ಲೆಕ್ಕವೆಲ್ಲ ಇರುವುದು 2009ರಲ್ಲಿ ಕೊಂಡ ಒಂದು ಡೆಸ್ಕ್‌ಟಾಪ್‌ನಲ್ಲಿ. ಇಂಟೆಲ್ ಪೆಂಟಿಯಂ ಡ್ಯುಯಲ್ ಕೋರ್ ಇ5200, ಜಿ31 ಮದರ್‌ಬೋರ್ಡ್, ಡಿಡಿಆರ್2 ರ‍್ಯಾಮ್ 1 ಜಿಬಿ, 160 ಜಿಬಿ ಹಾರ್ಡ್ ಡಿಸ್ಕ್. ಮೊದಲು ವಿಂಡೋಸ್ ಎಕ್ಸ್‌ಪಿ ಇತ್ತು, ಆಮೇಲೆ ವಿಂಡೋಸ್ 7 ಹಾಕಿಸಿದೆವು. ಹೋದ ವರ್ಷ ಒಂದು ಅಂಗಡಿಗೆ ಕೊಟ್ಟಾಗ ವಿಂಡೋಸ್ 10 ಹಾಕಿಕೊಟ್ಟರು. ಆನ್ ಮಾಡಿ, ಹಾಲು ಕಾಯಿಸಿ, ಕಾಫಿ ಬೆರೆಸಿ ತಂದರೂ ಪರದೆ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ವಾಪಸ್ 7 ಹಾಕಿಸಿದೆ. ಈಗ ಅದೂ ನಿಧಾನ. ಎಕ್ಸೆಲ್ ತೆರೆದರೆ ಮುಂದಿನ ಕೆಂಪು ದೀಪ ಆರುವುದೇ ಇಲ್ಲ, ಒಳಗಿಂದ ಕರಕರ ಅಂತ ಸದ್ದು ಬರುತ್ತಲೇ ಇರುತ್ತದೆ.

ನನಗೆ ಬೇಕಾದ್ದು ಇಷ್ಟು. ಲೆಕ್ಕದ ಶೀಟು ಬೇಗ ತೆರೆಯಬೇಕು. ಕನ್ನಡದಲ್ಲಿ ಪತ್ರ ಟೈಪ್ ಮಾಡಬೇಕು, ನುಡಿ ತಂತ್ರಾಂಶದಲ್ಲಿ ಮಾಡಿ ಅಭ್ಯಾಸ. ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರ್ ಇದೆ, ಅದು ಓಡಬೇಕು. ಆಗೊಮ್ಮೆ ಈಗೊಮ್ಮೆ ಮೇಲ್ ನೋಡಬೇಕು. ವಿಡಿಯೋ, ಆಟ ಏನೂ ಬೇಡ, ಅದಕ್ಕೆಲ್ಲ ಫೋನ್ ಇದೆ.

ವಿಂಡೋಸ್ ಬದಲು ಲಿನಕ್ಸ್ ಹಾಕು ಅಂತ ತುಂಬಾ ಜನ ಹೇಳುತ್ತಾರೆ. ಯಾವುದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು. ಸುಮ್ನೆ ಹೆಸರು ಬೇಡ. ನನ್ನ ಈ ಯಂತ್ರಕ್ಕೆ ಯಾವುದು, ಯಾಕೆ ಅಂತ ತಿಳಿಸಿ ಹೇಳುವವರು ಬೇಕು.

ಚಿಂತಾಮಣಿ_ಹುಡುಗ:

ಅಕ್ಕ, ಬೇಜಾರಾಗಬೇಡಿ. ಅದರ ಆಯಸ್ಸು ಮುಗಿದಿದೆ. ವಿಂಡೋಸ್ 7ಕ್ಕೆ ಅಪ್‌ಡೇಟ್ ನಿಂತದ್ದು 2020ರ ಜನವರಿಯಲ್ಲಿ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11 ಹಾಕೋಣ ಅಂದರೆ 4 ಜಿಬಿ ರ‍್ಯಾಮ್ ಬೇಕು, ಭದ್ರತೆಗೆ ಇರುವ ಟಿಪಿಎಂ 2.0 ಚಿಪ್ ಬೇಕು. ನಿಮ್ಮ ಬೋರ್ಡಿನಲ್ಲಿ ಅದು ಬರುವ ಮಾತೇ ಇಲ್ಲ. ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಸಿಗುತ್ತವೆ, ಒಂದು ನೋಡಿ ತಗೊಳ್ಳಿ. ನೆಮ್ಮದಿ.

ಗೂಡಿನಮನೆ_ಶಿಡ್ಲಘಟ್ಟ:

ಸಲಹೆಗೆ ಥ್ಯಾಂಕ್ಸ್ ತಮ್ಮಾ. ಅದನ್ನೂ ಯೋಚನೆ ಮಾಡಿದ್ದೆ. ಆದರೆ ಇದರಲ್ಲಿ ಏನು ಕೆಟ್ಟಿದೆ ಹೇಳು? ಆನ್ ಆಗುತ್ತದೆ, ಮಾನಿಟರ್ ಚೆನ್ನಾಗಿದೆ, ಕೀಬೋರ್ಡಿನ ಒಂದು ಅಕ್ಷರವೂ ಅಳಿಸಿಲ್ಲ. ನಾನು ಎಸ್‌ಎಸ್‌ಎಲ್‌ಸಿಯಲ್ಲಿದ್ದಾಗ ಅಪ್ಪ ಒಂದು ತಿಂಗಳ ನೂಲಿನ ದುಡ್ಡು ಎತ್ತಿಟ್ಟು ತಂದದ್ದು ಇದು. ಕೆಟ್ಟರೆ ಬಿಡೋಣ. ಕೆಡದೇ ಇರುವುದನ್ನು ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ.

ಬಂಗಾರಪೇಟೆ_ಮೇಷ್ಟ್ರು:

ಗುಜರಿಗೆ ಹಾಕಬೇಡಿ. ನಾನು ಬಂಗಾರಪೇಟೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲಿ ನಿಮ್ಮದರಂಥವೇ ಒಂಬತ್ತು ಯಂತ್ರಗಳಿವೆ. ಏಳು ಇವತ್ತಿಗೂ ಓಡುತ್ತಿವೆ, ಮಕ್ಕಳು ದಿನಾ ಬಳಸುತ್ತಾರೆ. ಹಾಗಾಗಿ ಇದು ಓದಿ ಹೇಳುವುದಲ್ಲ, ಕೈಯಲ್ಲಿ ಮಾಡಿ ಹೇಳುವುದು.

ಮೊದಲು ನಿಧಾನ ಯಾಕೆ ಅಂತ ನೋಡೋಣ. ನೀವು ಹೇಳಿದ ಕೆಂಪು ದೀಪ, ಕರಕರ ಸದ್ದು, ಅದರಲ್ಲೇ ಉತ್ತರ ಇದೆ. ಕೆಲಸ ಮಾಡುವಾಗ ಬೇಕಾದ್ದನ್ನು ಇಟ್ಟುಕೊಳ್ಳುವ ಜಾಗವೇ ರ‍್ಯಾಮ್. ರ‍್ಯಾಮ್ ತುಂಬಿಹೋದಾಗ ಓಎಸ್ ಒಂದಷ್ಟನ್ನು ತೆಗೆದು ಹಾರ್ಡ್ ಡಿಸ್ಕ್‌ನಲ್ಲಿ ಇಡುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ರ‍್ಯಾಮ್‌ನಿಂದ ಒಂದು ತುಣುಕು ತರಲು ಹೆಚ್ಚೂಕಡಿಮೆ ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲು ಸಾಕು. ತಿರುಗುವ ಡಿಸ್ಕ್‌ನಿಂದ ತರಲು ಸೆಕೆಂಡಿನ ನೂರರಲ್ಲಿ ಒಂದು ಪಾಲು ಬೇಕು. ಭಾಗಿಸಿ ನೋಡಿ, ಒಂದು ಲಕ್ಷ ಪಟ್ಟು ವ್ಯತ್ಯಾಸ. ನಿಮ್ಮ ಪ್ರೊಸೆಸರ್ ಮುದಿಯಾಗಿಲ್ಲ. 2.5 ಗಿಗಾಹರ್ಟ್ಸ್, ಎರಡು ಕೋರ್, ಲೆಕ್ಕದ ಶೀಟಿಗೆ ಧಾರಾಳ. ಅದು ಡಿಸ್ಕ್‌ಗಾಗಿ ಕಾಯುತ್ತಾ ಕೂತಿದೆ ಅಷ್ಟೇ.

ಅದಕ್ಕೇ ನನ್ನ ಮೊದಲ ಮಾತು: ಓಎಸ್ ಹುಡುಕುವ ಮುಂಚೆ ರ‍್ಯಾಮ್ ನೋಡಿ. ಜಿ31 ಬೋರ್ಡಿನಲ್ಲಿ ಸಾಮಾನ್ಯವಾಗಿ ಎರಡು ಸ್ಲಾಟ್ ಇರುತ್ತವೆ. ಒಂದೊಂದಕ್ಕೆ 2 ಜಿಬಿ, ಒಟ್ಟು 4 ಜಿಬಿ ತನಕ ಹಾಕಬಹುದು. ನಿಮ್ಮದರಲ್ಲಿ ಒಂದು ಸ್ಲಾಟ್ ಖಾಲಿ ಇರಬೇಕು, ಬಾಗಿಲು ಬಿಚ್ಚಿ ನೋಡಿ. ಇನ್ನೊಂದು ವಿಷಯ. ಈ ಬೋರ್ಡಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ, ಪರದೆಗೆ ಬೇಕಾದ ಮೆಮೊರಿಯನ್ನೂ ಇದೇ 1 ಜಿಬಿಯಿಂದಲೇ ಎತ್ತಿಕೊಳ್ಳುತ್ತದೆ. ಅಂದರೆ ನಿಮಗೆ ಪೂರ್ತಿ 1 ಜಿಬಿಯೂ ಸಿಗುತ್ತಿಲ್ಲ.

ಈಗ ಓಎಸ್. ಇ5200 ಅನ್ನುವುದು 64 ಬಿಟ್ ಪ್ರೊಸೆಸರ್. ಇದು ನಿಮ್ಮ ಪುಣ್ಯ. ಯಾಕಂದ್ರೆ 32 ಬಿಟ್ ಯಂತ್ರಗಳ ಬಾಗಿಲು ಒಂದೊಂದಾಗಿ ಮುಚ್ಚುತ್ತಿದೆ. ಲಿನಕ್ಸ್‌ಗಳಲ್ಲಿ ಉಬುಂಟು ಯಾವಾಗಲೋ ಬಿಟ್ಟಿತು. ಡೆಬಿಯನ್ 12 ತನಕ 32 ಬಿಟ್‌ಗೆ ಇನ್‌ಸ್ಟಾಲರ್ ಕೊಡುತ್ತಿತ್ತು, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅದೂ ಇಲ್ಲ. ಕ್ರೋಮ್ ಬ್ರೌಸರ್ ಲಿನಕ್ಸ್‌ನ 32 ಬಿಟ್ ಕೈಬಿಟ್ಟದ್ದು 2016ರಲ್ಲೇ. ಇದನ್ನು ಓದುವ ಯಾರ ಬಳಿಯಾದರೂ ಆಟಂ ಎನ್270 ಇರುವ ಪುಟ್ಟ ಲ್ಯಾಪ್‌ಟಾಪ್ ಇದ್ದರೆ ಅದು 32 ಬಿಟ್ ಮಾತ್ರ, ಅದಕ್ಕೆ ಆಂಟಿಎಕ್ಸ್ 23 ಅನ್ನುವ ಲಿನಕ್ಸ್ ನೋಡಿ. ನಿಮಗೆ ಆ ಚಿಂತೆ ಇಲ್ಲ.

ನನ್ನ ಸಲಹೆ ಹೀಗೆ. 1 ಜಿಬಿಯಲ್ಲೇ ಇರುತ್ತೇನೆ ಅಂದರೆ ಆಂಟಿಎಕ್ಸ್. ಅದರಲ್ಲಿ ಐಸ್‌ಡಬ್ಲ್ಯೂಎಂ ಅನ್ನುವ ಹಗುರವಾದ ಕಿಟಕಿ ವ್ಯವಸ್ಥೆ ಇದೆ. ನಮ್ಮ ಲ್ಯಾಬಿನಲ್ಲಿ ಏನೂ ತೆರೆಯದೆ ಬಿಟ್ಟಾಗ 200 ಎಂಬಿ ಆಸುಪಾಸು ತಗೊಳ್ಳುತ್ತಿತ್ತು. ರ‍್ಯಾಮ್ 3 ಅಥವಾ 4 ಜಿಬಿ ಮಾಡುತ್ತೇನೆ ಅಂದರೆ ಡೆಬಿಯನ್ 13, ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಜೊತೆ. ಅದರ ಮುಖ ವಿಂಡೋಸ್ 7ಕ್ಕೆ ಹತ್ತಿರ. ಕೆಳಗೆ ಪಟ್ಟಿ, ಎಡಕ್ಕೆ ಮೆನು. ನಿಮ್ಮ ತಂದೆಯವರಿಗೂ ಹೊಸದು ಅನ್ನಿಸುವುದಿಲ್ಲ. ಇನ್ನೂ ಹಲವು ವರ್ಷ ಸುರಕ್ಷತೆಯ ಅಪ್‌ಡೇಟ್ ಬರುತ್ತಿರುತ್ತದೆ. ಬೇರೆಯವು ಕೆಟ್ಟವು ಅಂತಲ್ಲ, ಲುಬುಂಟು, ಎಂಎಕ್ಸ್ ಎಲ್ಲ ಒಳ್ಳೆಯವೇ. ನಾನು ಕೈಯಾರೆ ರಿಪೇರಿ ಮಾಡಬಲ್ಲದ್ದನ್ನು ಹೇಳುತ್ತಿದ್ದೇನೆ. ನಾಳೆ ನೀವು ಸಿಕ್ಕಿಬಿದ್ದರೆ ಬಿಡಿಸುವವನೂ ನಾನೇ ಅಲ್ವಾ.

ಒಂದನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಓಎಸ್ ಎಷ್ಟೇ ಹಗುರವಾಗಿರಲಿ, ಬ್ರೌಸರ್ ಹಗುರವಾಗುವುದಿಲ್ಲ. ಒಂದು ಮೇಲ್ ಪುಟ ತೆರೆದರೆ ಇಡೀ ಓಎಸ್ ತಿಂದದ್ದಕ್ಕಿಂತ ಜಾಸ್ತಿ ಮೆಮೊರಿ ಅದೊಂದೇ ತಿನ್ನುತ್ತದೆ. "ಲಿನಕ್ಸ್ ಹಾಕಿದೆ, ಆದರೂ ನಿಧಾನ" ಅಂತ ಬೇಸರ ಮಾಡಿಕೊಳ್ಳುವವರೆಲ್ಲ ಇಲ್ಲೇ ಎಡವುವುದು. ಒಂದು ಸಲಕ್ಕೆ ಒಂದೇ ಟ್ಯಾಬ್. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಹಾಕಿದರೆ ಜಾಹೀರಾತಿನ ಭಾರವೂ ಇಳಿಯುತ್ತದೆ.

ಏನೂ ಅಳಿಸುವ ಮುಂಚೆ ಲೆಕ್ಕವನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿ. ಹಾಕಿದರೆ ಸಾಲದು, ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಆಮೇಲೆ ಇನ್ನೊಂದು ಪೆನ್‌ಡ್ರೈವ್‌ಗೆ ಲಿನಕ್ಸ್ ಬರೆದು, ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಓಡಿಸಿ. ನೆಟ್, ಪರದೆ, ಪ್ರಿಂಟರ್ ಕಾಣುತ್ತವೆಯೋ ನೋಡಿ. ನಿಮ್ಮ ಡಿಸ್ಕ್ ಮುಟ್ಟುವುದೇ ಇಲ್ಲ.

ಗುಬ್ಬಿ_ಡಿಟಿಪಿ:

ಮೇಷ್ಟ್ರು ಚೆನ್ನಾಗಿ ಹೇಳಿದ್ದಾರೆ. ನಾನು ಕನ್ನಡದ ವಿಷಯ ಮಾತ್ರ ಹೇಳುತ್ತೇನೆ. ತುಮಕೂರು ಜಿಲ್ಲೆ ಗುಬ್ಬಿಯಲ್ಲಿ ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಅರ್ಜಿ, ಎಲ್ಲ ಟೈಪ್ ಮಾಡಿದ ಕೈ ಇದು.

ವಿಂಡೋಸ್ ಅಳಿಸುವ ಮುಂಚೆ ನಿಮ್ಮ ಹಳೇ ನುಡಿ ಕಡತಗಳನ್ನು ನೋಡಿ. 2009ರ ಕಾಲದ ಪತ್ರಗಳಾದರೆ ಅವು ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಆಗಿರುವುದಿಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕು ಕೂರಿಸಿದ ಹಳೇ ಫಾಂಟು ಅದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ತುಂಬಾ ಜನ ಕಡತ ಹಾಳಾಯಿತು ಅಂತ ಅಳಿಸಿಯೇ ಬಿಡುತ್ತಾರೆ. ಹಾಗೆ ಮಾಡಬೇಡಿ. ನುಡಿಯ ಜೊತೆಗೇ ಪರಿವರ್ತಕ ಬರುತ್ತದೆ. ಈಗಿನ ವಿಂಡೋಸ್ 7ರಲ್ಲೇ ಕೂತು ಎಲ್ಲವನ್ನೂ ಯೂನಿಕೋಡ್ ಮಾಡಿಕೊಳ್ಳಿ. ಮಾಡಿದ ಮೇಲೆ ಕಣ್ಣು ಹಾಯಿಸಿ. ಅರ್ಕಾವತ್ತು ಇರುವ ಪದಗಳಲ್ಲಿ ತಪ್ಪು ನುಸುಳುವುದು ನಾನು ನೋಡಿದ್ದೇನೆ. ಹೆಸರು, ಮೊತ್ತ ಇರುವ ಸಾಲುಗಳನ್ನು ಒಂದೊಂದಾಗಿ ಓದಿ.

ಟೈಪಿಂಗ್‌ಗೆ ಹೆದರಬೇಡಿ. ನುಡಿಯಲ್ಲಿ ನೀವು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಡಬ್ಲ್ಯೂ ಒತ್ತಿದರೆ ಟ, ಕ್ಯೂ ಒತ್ತಿದರೆ ಡ, ಎಫ್ ಒತ್ತಿದರೆ ಅರ್ಧಾಕ್ಷರ, ಅದೇ. ಲಿನಕ್ಸ್‌ನಲ್ಲೂ ಅದು ಇದೆ. ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶ ಹಾಕಿ, ಜೊತೆಗೆ ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅನ್ನುವುದನ್ನು ಆರಿಸಿ. ಬೆರಳಿಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ.

ಫಾಂಟಿನಲ್ಲಿ ನನಗೆ ಇಷ್ಟವಾದ ಒಂದು ವಿಷಯ ಹೇಳಿಬಿಡುತ್ತೇನೆ. ಡೆಬಿಯನ್‌ನಲ್ಲಿ ಕನ್ನಡಕ್ಕೆ ಇರುವ ಒಂದು ಫಾಂಟಿನ ಹೆಸರು ಗುಬ್ಬಿ. ಮೊದಲ ಸಲ ಪಟ್ಟಿಯಲ್ಲಿ ನೋಡಿದಾಗ ನಮ್ಮೂರ ಹೆಸರು ಅಂತ ಎದೆ ಉಬ್ಬಿತು. ಅದರ ಜೊತೆಯಲ್ಲೇ ಬರುವ ಇನ್ನೊಂದು ಫಾಂಟಿನ ಹೆಸರು ನವಿಲು, ಹಾಗಾಗಿ ಹಕ್ಕಿಯೇ ಇರಬೇಕು. ಇರಲಿ, ಖುಷಿ ಖುಷಿಯೇ. ಪತ್ರಕ್ಕೆ ಗುಬ್ಬಿ ಚೆನ್ನಾಗಿ ಕಾಣುತ್ತದೆ. ನವಿಲು ಕೈಬರಹದ ಹಾಗೆ, ತಲೆಬರಹಕ್ಕೆ ಹಾಕಿ.

ಗೂಡಿನಮನೆ_ಶಿಡ್ಲಘಟ್ಟ:

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಇಬ್ಬರು ಅಣ್ಣಂದಿರಿಗೂ ತುಂಬಾ ಥ್ಯಾಂಕ್ಸ್.

ಡಿಟಿಪಿ ಅಣ್ಣ ಹೇಳಿದ ಹಾಗೆ ಮೊದಲು ಹಳೇ ಪತ್ರಗಳನ್ನೆಲ್ಲ ಪರಿವರ್ತನೆ ಮಾಡಿದೆ, 140 ಕಡತ. ಒಂದು ಕಡೆ ಅಪ್ಪನ ಸಹಿಯ ಮೇಲಿದ್ದ ಹೆಸರೇ ತಪ್ಪಾಗಿತ್ತು, ಸರಿಮಾಡಿದೆ.

ಆಮೇಲೆ ಆಂಟಿಎಕ್ಸ್ ಅನ್ನು ಚಿಕ್ಕಪ್ಪನ ಮಗನ ಲ್ಯಾಪ್‌ಟಾಪ್‌ನಲ್ಲಿ ರೂಫಸ್ ಅನ್ನುವ ತಂತ್ರಾಂಶ ಬಳಸಿ ಪೆನ್‌ಡ್ರೈವ್‌ಗೆ ಬರೆದೆವು. ಹಾಕಿ ಆನ್ ಮಾಡಿದರೆ ಪ್ರತಿ ಸಲವೂ ವಿಂಡೋಸೇ ಬರುತ್ತಿತ್ತು. ಬಯಾಸ್‌ನಲ್ಲಿ (ಓಎಸ್ ಬರುವ ಮುಂಚೆ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಯುಎಸ್‌ಬಿ ಅಂತ ಆರಿಸಿದರೂ ಇಲ್ಲ. ಅರ್ಧ ದಿನ ಹೋಯಿತು. ಕೊನೆಗೆ ಗೊತ್ತಾಯಿತು, ಈ ಬೋರ್ಡ್ ಪೆನ್‌ಡ್ರೈವ್ ಅನ್ನು ಇನ್ನೊಂದು ಹಾರ್ಡ್ ಡಿಸ್ಕ್ ಅಂತ ತಿಳಿಯುತ್ತದೆ. ಹಾರ್ಡ್ ಡಿಸ್ಕ್ ಬೂಟ್ ಪ್ರಯಾರಿಟಿ ಅಂತ ಒಳಗೆ ಇನ್ನೊಂದು ಪಟ್ಟಿ ಇದೆ, ಅದರಲ್ಲಿ ಪೆನ್‌ಡ್ರೈವ್ ಅನ್ನು ಮೇಲಕ್ಕೆ ತರಬೇಕು. ಪೆನ್‌ಡ್ರೈವ್ ಸಿಕ್ಕಿಸಿಕೊಂಡೇ ಬಯಾಸ್‌ಗೆ ಹೋದರೆ ಮಾತ್ರ ಅದು ಪಟ್ಟಿಯಲ್ಲಿ ಕಾಣುತ್ತದೆ. ಇನ್ನೊಬ್ಬರಿಗೆ ಅರ್ಧ ದಿನ ಉಳಿಯಲಿ ಅಂತ ಬರೆದೆ.

ಬಂತು! ಪರದೆ ಬಂತು, ಸದ್ದು ಬಂತು. ಆದರೆ ಎರಡು ತೊಂದರೆ.

ಒಂದು, ಫೈರ್‌ಫಾಕ್ಸ್‌ನಲ್ಲಿ ಯಾವ ಪುಟ ತೆರೆದರೂ ಸುರಕ್ಷಿತವಲ್ಲ, ಪ್ರಮಾಣಪತ್ರ ಸರಿ ಇಲ್ಲ ಅಂತ ಹೇಳುತ್ತದೆ. ಫೋನಿನಲ್ಲಿ ಅದೇ ನೆಟ್‌ನಲ್ಲಿ ಎಲ್ಲ ತೆರೆಯುತ್ತದೆ.

ಎರಡು, ರ‍್ಯಾಮ್. ಚಿಕ್ಕಪ್ಪನ ಮಗ ಆನ್‌ಲೈನ್‌ನಲ್ಲಿ 4 ಜಿಬಿ ಡಿಡಿಆರ್2 ಒಂದು ಕಡಿಮೆ ಬೆಲೆಗೆ ಸಿಕ್ಕಿತು ಅಂತ ತರಿಸಿದ. ಸ್ಲಾಟಿಗೆ ಸರಿಯಾಗಿ ಕೂರುತ್ತದೆ. ಆನ್ ಮಾಡಿದರೆ ಪರದೆ ಕಪ್ಪು, ಒಳಗಿಂದ ಉದ್ದುದ್ದ ಬೀಪ್ ನಿಲ್ಲದೆ ಬರುತ್ತದೆ. ಹಳೆಯದನ್ನು ಹಾಕಿದರೆ ಮತ್ತೆ ಸರಿ. ಬೋರ್ಡ್ ಕೆಟ್ಟಿತಾ ಅಂತ ಭಯ ಆಗಿದೆ.

ಬಂಗಾರಪೇಟೆ_ಮೇಷ್ಟ್ರು:

ಬೋರ್ಡ್ ಕೆಟ್ಟಿಲ್ಲ, ಭಯ ಬೇಡ.

ಮೊದಲು ಪ್ರಮಾಣಪತ್ರ. ಪರದೆಯ ಮೂಲೆಯಲ್ಲಿ ತಾರೀಖು ಏನಿದೆ ನೋಡಿ. 2009 ಅಂತಲೋ 2008 ಅಂತಲೋ ಇರುತ್ತದೆ, ನನಗೆ ಗ್ಯಾರಂಟಿ. ಮದರ್‌ಬೋರ್ಡಿನ ಮೇಲೆ ದೊಡ್ಡ ನಾಣ್ಯದ ಹಾಗೆ ಒಂದು ಬ್ಯಾಟರಿ ಇದೆ, ಸಿಆರ್2032, ಮೂರು ವೋಲ್ಟ್. ಅದು ಸತ್ತರೆ ಪ್ರತಿ ಸಲ ಪವರ್ ತೆಗೆದಾಗ ಗಡಿಯಾರ ಹುಟ್ಟಿದ ದಿನಕ್ಕೆ ಹೋಗುತ್ತದೆ. ವೆಬ್‌ಸೈಟಿನ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದ ತನಕ ಅಂತ ಗಡುವು ಇರುತ್ತದೆ. ನಿಮ್ಮ ಯಂತ್ರದ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ. ಅದಕ್ಕೇ ಒಪ್ಪುವುದಿಲ್ಲ. ಇದನ್ನು ಸರಿಮಾಡದೆ ಡೆಬಿಯನ್ ಹಾಕಿದರೆ ಪ್ಯಾಕೇಜ್ ಇಳಿಸುವಾಗಲೂ ಇದೇ ತಕರಾರು ಬರುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ಸಿಗುತ್ತದೆ. ಬರಹ ಇರುವ ಬದಿ ಮೇಲಕ್ಕೆ ಬರುವ ಹಾಗೆ ಹಾಕಿ. ಆಮೇಲೆ ಬಯಾಸ್‌ಗೆ ಹೋಗಿ ತಾರೀಖು ತಿದ್ದಿ. ಬ್ಯಾಟರಿ ತೆಗೆದಾಗ ಬೂಟ್ ಕ್ರಮವೂ ಮರೆತುಹೋಗುತ್ತದೆ, ಅದನ್ನೂ ಮತ್ತೆ ಇಡಿ.

ರ‍್ಯಾಮ್ ವಿಷಯ. ಇದನ್ನು ಮೊದಲೇ ಹೇಳಬೇಕಿತ್ತು, ನನ್ನ ತಪ್ಪು. ಸ್ಟಿಕ್ಕಿನ ಚೀಟಿಯಲ್ಲೋ, ಕೊಂಡ ಪುಟದಲ್ಲೋ ಎಎಂಡಿಗೆ ಮಾತ್ರ ಅಂತ ಇದೆಯಾ ನೋಡಿ. ಕಡಿಮೆ ಬೆಲೆಯ ಡಿಡಿಆರ್2 ಸ್ಟಿಕ್‌ಗಳಲ್ಲಿ ಇಂಥವು ಜಾಸ್ತಿ. ಅವುಗಳ ಚಿಪ್‌ನ ಜೋಡಣೆ ಬೇರೆ. ಎಎಂಡಿ ಬೋರ್ಡಿನ ಕಂಟ್ರೋಲರ್‌ಗೆ ಅರ್ಥವಾಗುತ್ತದೆ, ಇಂಟೆಲ್‌ನ ಹಳೇ ಚಿಪ್‌ಸೆಟ್‌ಗೆ ಆಗುವುದಿಲ್ಲ. ಜಾಗದಲ್ಲಿ ಕೂರುತ್ತದೆ, ಆದರೆ ಬೋರ್ಡ್ ಅದನ್ನು ರ‍್ಯಾಮ್ ಅಂತ ಗುರುತಿಸುವುದೇ ಇಲ್ಲ. ಅದೂ ಅಲ್ಲದೆ ಜಿ31ರಲ್ಲಿ ಒಂದು ಸ್ಲಾಟಿಗೆ 2 ಜಿಬಿಗಿಂತ ಜಾಸ್ತಿ ಒಪ್ಪುವುದಿಲ್ಲ. ಎರಡು ಕಾರಣಕ್ಕೂ ಅದು ನಿಮಗೆ ಆಗುವುದಿಲ್ಲ, ವಾಪಸ್ ಕಳಿಸಿ.

ನಿಮಗೆ ಬೇಕಾದ್ದು 2 ಜಿಬಿಯ ಸಾಧಾರಣ ಡಿಡಿಆರ್2, 800 ಮೆಗಾಹರ್ಟ್ಸ್. ಚೀಟಿಯಲ್ಲಿ ಪಿಸಿ2-6400 ಅಂತ ಇರುತ್ತದೆ. ಬೆಂಗಳೂರಿಗೆ ಹೋಗುವವರು ಇದ್ದರೆ ಎಸ್.ಪಿ. ರಸ್ತೆಯಲ್ಲಿ ಕೇಳಿಸಿ. ಹಳೇ ಕಂಪ್ಯೂಟರ್‌ನಿಂದ ಬಿಚ್ಚಿದ ಸ್ಟಿಕ್ ಆದರೂ ಪರವಾಗಿಲ್ಲ, ರ‍್ಯಾಮ್ ಸುಲಭಕ್ಕೆ ಸವೆಯುವ ವಸ್ತುವಲ್ಲ. ಅಂಗಡಿಯಲ್ಲೇ ಇಂಟೆಲ್ ಬೋರ್ಡಿಗೆ ಹಾಕಿ ತೋರಿಸಿ ಅನ್ನಿ.

ಹಾಕುವ ಮುಂಚೆ ಒಂದು ಕೆಲಸ. ಪವರ್ ತಂತಿ ಕಿತ್ತು, ಸ್ಟಿಕ್ಕಿನ ಬಂಗಾರದ ಬಣ್ಣದ ಹಲ್ಲುಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ನಿಮ್ಮ ಮನೆ ಹಿಂದೆ ಬೇಸಿನ್ ಇದೆ, ದಿನವೆಲ್ಲ ಹಬೆ. ಅಲ್ಲಿಯ ಗಾಳಿಗೆ ಹಲ್ಲು ಖಂಡಿತ ಮಂಕಾಗಿರುತ್ತದೆ. ಸ್ಲಾಟಿನೊಳಗೆ ಒಣಗಿದ ಪೇಂಟ್ ಬ್ರಷ್ ಆಡಿಸಿ. ಬಾಯಲ್ಲಿ ಊದಬೇಡಿ, ತೇವ ಹೋಗುತ್ತದೆ.

ಗೂಡಿನಮನೆ_ಶಿಡ್ಲಘಟ್ಟ:

ಮೇಷ್ಟ್ರೇ, ತಾರೀಖು 2009ರ ಜನವರಿ 1 ಅಂತಲೇ ಇತ್ತು! ಬ್ಯಾಟರಿ ಹಾಕಿದ ಮೇಲೆ ಎಲ್ಲ ಪುಟ ತೆರೆಯಿತು. ಸ್ಟಿಕ್ ಮಾರಿದ ಪುಟದಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಎಎಂಡಿ ಅಂತ ಇತ್ತು, ನಾವು ಓದಿರಲಿಲ್ಲ. ವಾಪಸ್ ಕಳಿಸಿದ್ದೇವೆ.

ಮಾಮ ಬೆಂಗಳೂರಿಗೆ ಹೋದವರು ಎಸ್.ಪಿ. ರಸ್ತೆಯಿಂದ ಬಿಚ್ಚಿದ 2 ಜಿಬಿ ಸ್ಟಿಕ್ ಎರಡು ತಂದರು. ಒಂದು ಹೊಸ ಮೌಸ್‌ನ ದುಡ್ಡಿಗಿಂತ ಸ್ವಲ್ಪ ಜಾಸ್ತಿ ಆಯಿತು, ಅಷ್ಟೇ. ಹಲ್ಲು ಉಜ್ಜುವಾಗ ರಬ್ಬರಿನ ಮೇಲೆ ಕಪ್ಪು ಗೆರೆ ಬಿತ್ತು. ಒಳಗೆ ಫ್ಯಾನಿನ ಎಲೆಗಳ ಮೇಲೆ ಧೂಳು ಕೂತಿದ್ದು ಬೆರಳಲ್ಲಿ ಎತ್ತಿದರೆ ಬಟ್ಟೆಯ ಹಾಗೆ ಒಟ್ಟಿಗೆ ಬಂತು. ಅದರಲ್ಲಿ ನೂಲಿನ ಎಳೆಗಳೂ ಇದ್ದವು, ಬೆಳಕಿಗೆ ಹಿಡಿದರೆ ಮಿಂಚುತ್ತಿದ್ದವು. ಇಷ್ಟು ವರ್ಷ ಅದು ನಮ್ಮ ಮನೆಯ ರೇಷ್ಮೆಯನ್ನೇ ಉಸಿರಾಡಿದೆ.

ಈಗ 4 ಜಿಬಿ. ಡೆಬಿಯನ್ 13 ಇಳಿಸುತ್ತಿದ್ದೇನೆ. ಹಾರ್ಡ್ ಡಿಸ್ಕ್ ಬಗ್ಗೆ ಏನಾದರೂ ನೋಡಬೇಕಾ?

ಬಂಗಾರಪೇಟೆ_ಮೇಷ್ಟ್ರು:

ನೋಡಲೇಬೇಕು, ವಯಸ್ಸಾದ ಡಿಸ್ಕ್ ಅದು. ವಿಂಡೋಸ್ ಇರುವಾಗಲೇ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ತೆರೆಯಿರಿ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಾದ ಜಾಗ) ಅನ್ನುವ ಸಾಲು ಸೊನ್ನೆ ಇದ್ದರೆ ಸದ್ಯಕ್ಕೆ ಸರಿ. ಸಂಖ್ಯೆ ಇದ್ದು, ವಾರ ಬಿಟ್ಟು ನೋಡಿದಾಗ ಬೆಳೆದಿದ್ದರೆ ಆ ಡಿಸ್ಕ್ ನಂಬಬೇಡಿ. ಮುಂದೆ ದುಡ್ಡು ಕೂಡಿದಾಗ ಸಣ್ಣ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಡಿಸ್ಕ್) ಹಾಕಿಸಿ. ನಿಮ್ಮ ಬೋರ್ಡಿನ ಪೋರ್ಟ್ ಹಳೇ ಸಾಟಾ 2, ಹೊಸ ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ. ಆದರೂ ತಿರುಗುವ ಡಿಸ್ಕ್‌ಗೆ ಹೋಲಿಸಿದರೆ ಎಷ್ಟೋ ಮೇಲು.

ಇನ್‌ಸ್ಟಾಲ್ ಆದ ಮೇಲೆ ಜಡ್‌ರ‍್ಯಾಮ್ ಟೂಲ್ಸ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ. ಮೆಮೊರಿ ತುಂಬಿದಾಗ ಡಿಸ್ಕ್‌ಗೆ ಓಡುವ ಬದಲು, ಸದ್ಯಕ್ಕೆ ಬೇಡದ್ದನ್ನು ಅಲ್ಲೇ ರ‍್ಯಾಮ್‌ನೊಳಗೇ ಮಡಚಿ ಇಡುತ್ತದೆ. ಟ್ರಂಕಿನಲ್ಲಿ ರಗ್ಗು ಒತ್ತಿ ತುಂಬುವ ಹಾಗೆ. ಪ್ರೊಸೆಸರ್‌ಗೆ ಸ್ವಲ್ಪ ಕೆಲಸ ಜಾಸ್ತಿ, ಆದರೆ ನಿಮ್ಮದು ಹೇಗಿದ್ದರೂ ಖಾಲಿ ಕೂತಿರುತ್ತದೆ. ನಮ್ಮ ಲ್ಯಾಬಿನಲ್ಲಿ 2 ಜಿಬಿಯ ಯಂತ್ರಗಳು ಇವತ್ತಿಗೂ ಉಸಿರಾಡುತ್ತಿರುವುದು ಇದರಿಂದಲೇ.

ಪ್ರಿಂಟರ್‌ಗೆ ಎಚ್‌ಪಿಲಿಪ್ ಅನ್ನುವ ಡ್ರೈವರ್ ತಂತ್ರಾಂಶ ಬೇಕು. 1020ರೊಳಗೆ ಅದನ್ನು ಓಡಿಸುವ ತಂತ್ರಾಂಶ (ಫರ್ಮ್‌ವೇರ್) ಉಳಿದಿರುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರೇ ಕಳಿಸಬೇಕು. ಅದಕ್ಕೆ ಪ್ಲಗಿನ್ ಅಂತ ಒಂದು ಇಳಿಸಲು ಕೇಳುತ್ತದೆ, ಹೂಂ ಅನ್ನಿ. ಆಗ ನೆಟ್ ಇರಬೇಕು.

ಕರೆಂಟಿನ ಒಂದು ಮಾತು. ಡಿಸ್ಕ್‌ಗೆ ಬರೆಯುವಾಗ ಕರೆಂಟ್ ಹೋದರೆ ಕೆಲಸ ಕೆಡುತ್ತದೆ. ಯುಪಿಎಸ್ ಬ್ಯಾಟರಿ ನಂಬಿಕೆಗೆ ಬಾರದಿದ್ದರೆ, ನಿಮ್ಮ ಕಡೆ ಕರೆಂಟ್ ಹೋಗದೆ ಇರುವ ಹೊತ್ತು ನೋಡಿಕೊಂಡು ಶುರುಮಾಡಿ.

ಚಿಂತಾಮಣಿ_ಹುಡುಗ:

ಅಕ್ಕ, ನಾನು ಬಿಸಾಕಿ ಅಂದಿದ್ದೆ, ಈಗ ನನಗೇ ಆಸೆ ಆಗಿದೆ. ನಮ್ಮ ಮನೆ ಅಟ್ಟದ ಮೇಲೂ ಒಂದು ಜಿ31 ಇದೆ. ಆದ ಮೇಲೆ ಹೇಗಿದೆ ಅಂತ ಬರೀರಿ.

ಗೂಡಿನಮನೆ_ಶಿಡ್ಲಘಟ್ಟ:

ಆಯಿತು. ಡಿಸ್ಕ್‌ನಲ್ಲಿ ಆ ಸಾಲು ಸೊನ್ನೆ ಇತ್ತು. ರಾತ್ರಿ ಹತ್ತಕ್ಕೆ ಶುರುಮಾಡಿದೆ, ಮುಕ್ಕಾಲು ಗಂಟೆ ಹಿಡಿಯಿತು. ಇನ್‌ಸ್ಟಾಲರ್ ಪೂರ್ತಿ ಡಿಸ್ಕ್ ಅಳಿಸಲಾ ಅಂತ ಕೇಳಿದಾಗ ಒಂದು ನಿಮಿಷ ಕೈ ಹೋಗಲಿಲ್ಲ. ಪೆನ್‌ಡ್ರೈವ್ ಮತ್ತೊಮ್ಮೆ ತೆಗೆದು ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ತೆರೆದು ನೋಡಿ, ಆಮೇಲೆ ಒತ್ತಿದೆ.

ಈಗ ಆನ್ ಮಾಡಿದರೆ ಒಂದು ನಿಮಿಷದೊಳಗೆ ಪರದೆ ಬರುತ್ತದೆ. ಎಕ್ಸೆಲ್ ಕಡತಗಳು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಹಾಗೇ ತೆರೆದವು. ನನ್ನ ಶೀಟಿನಲ್ಲಿ ಇರುವುದು ಕೂಡುವುದು, ಭಾಗಿಸುವುದು ಅಷ್ಟೇ, ಒಂದು ಸೂತ್ರವೂ ಕೆಡಲಿಲ್ಲ. ಕಾಲಂ ಅಗಲ ಮಾತ್ರ ಎರಡು ಕಡೆ ಸರಿಮಾಡಬೇಕಾಯಿತು. ಶೀಟು ತೆರೆದಿರುವಾಗ ಕೆಂಪು ದೀಪ ಆಗಾಗ ಮಿಣುಕಿ ಸುಮ್ಮನಾಗುತ್ತದೆ. ಆ ಕರಕರ ಇಲ್ಲ. ಮೊದಲ ದಿನ ಅಷ್ಟು ಸದ್ದಿಲ್ಲದ್ದು ನೋಡಿ ಆಫ್ ಆಯಿತೇನೋ ಅಂತ ಬಗ್ಗಿ ನೋಡಿದೆ.

ಪ್ರಿಂಟರ್ ಮೊದಲ ಸಲ ಬರಲಿಲ್ಲ, ಪ್ಲಗಿನ್ ಇಳಿಯುವಾಗ ನೆಟ್ ಹೋಗಿತ್ತು. ಎರಡನೇ ಸಲ ಬಂತು. ಐಬಸ್‌ನಲ್ಲಿ ಕೆಜಿಪಿ ಹಾಕಿ ಮೊದಲು ಟೈಪ್ ಮಾಡಿದ್ದು ನಮ್ಮೂರ ಹೆಸರು. ಶಿಫ್ಟ್ ಹಿಡಿದು ಎಸ್, ಆಮೇಲೆ ಐ, ಕ್ಯೂ, ಎಫ್, ಎಲ್, ಶಿಫ್ಟ್ ಹಿಡಿದು ಜಿ, ಡಬ್ಲ್ಯೂ, ಎಫ್, ಡಬ್ಲ್ಯೂ. ಶಿಡ್ಲಘಟ್ಟ ಅಂತ ಬಂತು. ಬೆರಳು ತಾನಾಗೇ ಹೋಯಿತು, ಡಿಟಿಪಿ ಅಣ್ಣ. ಗುಬ್ಬಿ ಫಾಂಟನ್ನೇ ಇಟ್ಟುಕೊಂಡಿದ್ದೇನೆ.

ನಿನ್ನೆ ಸಂಜೆ ಮೊದಲ ಲಾಟು ಹಾಕಿದೆ. ಮಿಶ್ರತಳಿ ಗೂಡು 62 ಕೆಜಿ, ನೂಲು 8.4 ಕೆಜಿ, ರೆಂಡಿಟ್ಟಾ 7.38. ಅಪ್ಪ ಕನ್ನಡಕ ಹಾಕಿಕೊಂಡು ಬಂದು, ತಮ್ಮ ಉದ್ದ ಪುಸ್ತಕದಲ್ಲಿ ಪೆನ್ಸಿಲ್‌ನಲ್ಲಿ ಮಾಡಿದ ಲೆಕ್ಕದ ಪಕ್ಕ ಇಟ್ಟು ನೋಡಿದರು. "ನನ್ನದು ಏಳೂವರೆಗೆ ಒಂಚೂರು ಕಡಿಮೆ ಅಂತ ಬರೆದಿದ್ದೆ, ಸರಿ ಇದೆ" ಅಂದರು. ಒಂದು ಪ್ರತಿ ಪ್ರಿಂಟ್ ತೆಗೆಸಿಕೊಂಡು ಪುಸ್ತಕದೊಳಗೇ ಇಟ್ಟರು.

ಚಿಂತಾಮಣಿ ತಮ್ಮಾ, ನನ್ನ ಹಳೇ 1 ಜಿಬಿ ಸ್ಟಿಕ್ ಹಾಗೇ ಇದೆ, ಹಲ್ಲು ಉಜ್ಜಿ ಇಟ್ಟಿದ್ದೇನೆ. ಅಟ್ಟದ ಮೇಲಿನದರಲ್ಲಿ ಸ್ಲಾಟ್ ಖಾಲಿ ಇದ್ದರೆ ಹೇಳು, ಬಸ್ಸಿನಲ್ಲಿ ಬರುವವರ ಕೈಲಿ ಕಳಿಸುತ್ತೇನೆ. ಬ್ಯಾಟರಿ ಮಾತ್ರ ಹೊಸದು ತಗೋ.